ಮೈಸೂರು ಹಡಗಿನ ಮೊದಲ ಕ್ಯಾಪ್ಟನ್‌ಗೆ ಒಂದು ಪಾಠ ಕೊಡಿ: ಸಮಾಜ ವಿಜ್ಞಾನ ಪುಸ್ತಕ ಬರೆಯುವವರಿಗೆ ಬಹಿರಂಗ ಪತ್ರ

ಪಾಠ ಬರೆಯುವ ಮೇಷ್ಟ್ರುಗಳಿಗೆ, ಮೇಡಂಗಳಿಗೆ ನಮಸ್ಕಾರ.

ಹೋದ ಡಿಸೆಂಬರ್ 4ರಂದು ಒಂದು ಪ್ರೌಢಶಾಲೆಯಲ್ಲಿ ನಾಲ್ಕು ಮಾತಾಡಲು ಕರೆದಿದ್ದರು. ಅವತ್ತು ನೌಕಾಪಡೆ ದಿನ. ಬೋರ್ಡಿನ ಮೇಲೆ ನನಗೆ ಬಂದ ಹಾಗೆ ಒಂದು ಗಂಡಭೇರುಂಡ ಬರೆದು, ‘ಇದನ್ನು ಎಲ್ಲೆಲ್ಲಿ ನೋಡಿದ್ದೀರಿ?’ ಎಂದು ಕೇಳಿದೆ. ಕೈಗಳು ಎದ್ದವು. ಸರ್ಕಾರಿ ಕಾಗದದ ಮೇಲೆ ಅಂದರು, ಬಸ್ಸಿನ ಮೇಲೆ ಅಂದರು, ಮೈಸೂರು ಅರಮನೆಯಲ್ಲಿ ಅಂದರು. ‘ಯುದ್ಧದ ಹಡಗಿನ ಮೇಲೆ?’ ಅಂದೆ. ಎಲ್ಲರೂ ಮುಖ ಮುಖ ನೋಡಿಕೊಂಡರು. ಹಿಂದಿನ ಬೆಂಚಿನ ಒಬ್ಬ ಹುಡುಗ ಮಾತ್ರ, ‘ಸಾರ್, ಗಂಡಭೇರುಂಡ ಆನೆ ಹಿಡಿಯೋದು, ಸಮುದ್ರದಲ್ಲಿ ಆನೆ ಎಲ್ಲಿ ಸಿಗುತ್ತೆ?’ ಎಂದ. ಇಡೀ ತರಗತಿ ನಕ್ಕಿತು. ನಾನೂ ನಕ್ಕೆ. ಆದರೆ ಮನೆಗೆ ಬಂದ ಮೇಲೂ ಆ ಪ್ರಶ್ನೆ ಬಿಡಲಿಲ್ಲ. ಅದಕ್ಕೇ ಈ ಪತ್ರ.

ಆ ಹಡಗಿನ ಹೆಸರು ಐಎನ್‌ಎಸ್ ಮೈಸೂರು. ಮೊದಲು ಅದು ಬ್ರಿಟಿಷರ ಕ್ರೂಸರ್, ಹೆಸರು ನೈಜೀರಿಯಾ. ಎರಡನೇ ಮಹಾಯುದ್ಧದಲ್ಲಿ ಮೆಡಿಟರೇನಿಯನ್ ಸಮುದ್ರದಲ್ಲಿ ಟಾರ್ಪಿಡೊ ಏಟು ತಿಂದರೂ ಮುಳುಗದೆ ಉಳಿದದ್ದು. ಭಾರತ ಅದನ್ನು 1954ರಲ್ಲಿ ಕೊಂಡಿತು. ಇಂಗ್ಲೆಂಡಿನ ಬರ್ಕನ್‌ಹೆಡ್‌ನಲ್ಲಿ ಪೂರ್ತಿ ರಿಪೇರಿಯಾಗಿ, 1957ರ ಆಗಸ್ಟ್ 29ರಂದು ಹೊಸ ಹೆಸರಿನಲ್ಲಿ ನಮ್ಮ ನೌಕಾಪಡೆ ಸೇರಿತು. ಕನ್ನಡ ನಾಡೆಲ್ಲ ಒಂದಾಗಿ ಮೈಸೂರು ರಾಜ್ಯವಾದದ್ದು 1956ರ ನವೆಂಬರ್ 1ರಂದು. ಅಂದರೆ ರಾಜ್ಯಕ್ಕೆ ಆಗ ಹತ್ತು ತಿಂಗಳು. ಹಡಗಿನ ಲಾಂಛನದಲ್ಲಿ ಗಂಡಭೇರುಂಡ, ಅದರ ಕೆಳಗೆ ತೈತ್ತಿರೀಯ ಉಪನಿಷತ್ತಿನಿಂದ ತೆಗೆದ ಮಾತು, ‘ನ ಬಿಭೇತಿ ಕದಾಚನ’. ಎಂದೂ ಹೆದರದವನು ಎಂದು ಅರ್ಥ.

ಅದರ ಮೊದಲ ಕ್ಯಾಪ್ಟನ್ ಸರ್ದಾರಿಲಾಲ್ ಮಥ್ರಾದಾಸ್ ನಂದಾ. ಇವರ ಬಗ್ಗೆ ನೀವು ಒಂದು ಪಾಠ ಬರೆಯಬೇಕು ಅನ್ನುವುದೇ ನನ್ನ ಕೋರಿಕೆ.

ಇಲ್ಲೊಂದು ಸಣ್ಣ ವಿಷಯ ಹೇಳಿಬಿಡುತ್ತೇನೆ, ಪಾಠ ಬರೆಯುವಾಗ ಬೇಕಾಗುತ್ತದೆ. ಭೂಸೇನೆಯಲ್ಲಿ ಕ್ಯಾಪ್ಟನ್ ಅಂದರೆ ಇನ್ನೂ ಮೀಸೆ ಬಲಿಯುತ್ತಿರುವ ಹುಡುಗ. ನೌಕಾಪಡೆಯಲ್ಲಿ ಹಾಗಲ್ಲ. ಅಲ್ಲಿಯ ಕ್ಯಾಪ್ಟನ್ ಭೂಸೇನೆಯ ಕರ್ನಲ್‌ಗೆ ಸಮ. ಮಕ್ಕಳು ಇವೆರಡನ್ನೂ ಒಂದೇ ಅಂದುಕೊಳ್ಳುತ್ತಾರೆ. ದೊಡ್ಡವರೂ ಅಷ್ಟೇ ಬಿಡಿ.

ನಂದಾ ಹುಟ್ಟಿದ್ದು 1915ರ ಅಕ್ಟೋಬರ್ 10ರಂದು. ಬೆಳೆದದ್ದು ಮನೋರಾದಲ್ಲಿ. ಮನೋರಾ ಅಂದರೆ ಕರಾಚಿ ಬಂದರಿನ ಬಾಯಲ್ಲೇ ಇರುವ ಭೂಭಾಗ. ಬಂದರಿಗೆ ಯಾವ ಹಡಗು ಬಂದರೂ ಅದರ ಮುಂದೆಯೇ ಹಾಯಬೇಕು. ಹುಡುಗನ ಕಣ್ಣಿಗೆ ಎಷ್ಟು ಹಡಗು ಬಿದ್ದಿರಬೇಕು ಯೋಚಿಸಿ. ಎಲ್ಲಿ ಆಳ, ಎಲ್ಲಿ ಮರಳು, ಎಣ್ಣೆ ಟ್ಯಾಂಕುಗಳು ಯಾವ ಕಡೆ, ಇದೆಲ್ಲ ಅವರಿಗೆ ನಕ್ಷೆ ನೋಡಿ ಕಲಿಯಬೇಕಾದ ವಿಷಯವೇ ಆಗಿರಲಿಲ್ಲ. 1947ರಲ್ಲಿ ಆ ಊರು ಬೇರೆ ದೇಶಕ್ಕೆ ಸೇರಿತು. ಅದಾಗಿ 24 ವರ್ಷಕ್ಕೆ, ತಾವು ಆಡಿ ಬೆಳೆದ ಬಂದರಿನ ಮೇಲೆ ದಾಳಿಗೆ ಒಪ್ಪಿಗೆ ಕೊಡುವ ಕೆಲಸ ಇವರ ಪಾಲಿಗೇ ಬಂತು. ಪಾಠ ಬರೆಯುವವರಿಗೆ ಇಷ್ಟು ಸಿಕ್ಕರೆ ಸಾಲದೇ? ಆದರೆ ಇದನ್ನೇ ಎಳೆದೆಳೆದು ಸಿನಿಮಾ ಮಾಡಬೇಡಿ ಅಂತಲೂ ಕೇಳಿಕೊಳ್ಳುತ್ತೇನೆ. ಕಾರಣ ಮುಂದೆ ಹೇಳುತ್ತೇನೆ.

1941ರಲ್ಲಿ, ಯುದ್ಧದ ದಿನಗಳಲ್ಲಿ, ಅವರು ರಾಯಲ್ ಇಂಡಿಯನ್ ನೇವಿಯ ಸ್ವಯಂಸೇವಕ ಮೀಸಲು ಪಡೆಗೆ ಸೇರಿದರು. ಆಗ ಭಾರತೀಯರು ದೊಡ್ಡ ಹುದ್ದೆಗೆ ಏರುವುದು ಅಪರೂಪ. ಎಷ್ಟು ಅಪರೂಪ ಅನ್ನುವುದಕ್ಕೆ ಇದೊಂದು ಲೆಕ್ಕ ಸಾಕು: 1957ರಲ್ಲಿ ನಂದಾ ಮೈಸೂರು ಹಡಗಿನ ಚುಕ್ಕಾಣಿ ವಹಿಸಿಕೊಂಡಾಗ, ಸ್ವಾತಂತ್ರ್ಯ ಬಂದು ಹತ್ತು ವರ್ಷವಾಗಿತ್ತು. ಆದರೂ ನಮ್ಮ ನೌಕಾಪಡೆಯ ಮುಖ್ಯಸ್ಥರು ಇನ್ನೂ ಒಬ್ಬ ಬ್ರಿಟಿಷ್ ಅಡ್ಮಿರಲ್. ಮೊದಲ ಭಾರತೀಯ ಮುಖ್ಯಸ್ಥ ರಾಮದಾಸ್ ಕಟಾರಿ ಬಂದದ್ದು 1958ರ ಏಪ್ರಿಲ್‌ನಲ್ಲಿ. ಭೂಸೇನೆಗೆ ಕಾರ್ಯಪ್ಪನವರು 1949ರಲ್ಲೇ ಬಂದಿದ್ದರು ಎಂದು ನಮ್ಮ ಮಕ್ಕಳಿಗೆ ಗೊತ್ತು. ನೌಕಾಪಡೆಗೆ ಯಾಕೆ ಇನ್ನೂ ಒಂಬತ್ತು ವರ್ಷ ಬೇಕಾಯಿತು? ದೊಡ್ಡ ಹಡಗು ನಡೆಸಿ ಅನುಭವ ಇದ್ದ ಭಾರತೀಯ ಅಧಿಕಾರಿಗಳೇ ಕಡಿಮೆ ಇದ್ದರು. ಹಡಗು ನಡೆಸುವುದನ್ನು ಪುಸ್ತಕದಲ್ಲಿ ಕಲಿಯೋಕೆ ಆಗಲ್ಲ ಅಲ್ವಾ.

ಆಮೇಲಿನ ವರ್ಷಗಳ ಬಗ್ಗೆ ಜನ ಜಾಸ್ತಿ ಮಾತಾಡುವುದಿಲ್ಲ. ನನಗೆ ಮಾತ್ರ ಅದೇ ಮುಖ್ಯ ಅನ್ನಿಸುತ್ತದೆ. 1960ರ ದಶಕದ ನಡುವೆ ನಂದಾ ಮುಂಬಯಿಯ ಮಝಗಾಂವ್ ಡಾಕ್‌ನ ವ್ಯವಸ್ಥಾಪಕ ನಿರ್ದೇಶಕರಾಗಿದ್ದರು. ಸಮವಸ್ತ್ರದ ಅಧಿಕಾರಿ ಹಡಗುಕಟ್ಟೆಯಲ್ಲಿ ಕೂತು ಉಕ್ಕಿನ ತಗಡು, ಬೆಸುಗೆ, ಕಾರ್ಮಿಕರು, ತಡವಾಗಿ ಬರುವ ಸಾಮಾನು ಇವುಗಳ ಜತೆ ಹೆಣಗುವುದು. ಕ್ರೂಸರ್ ಮೇಲೆ ನಿಂತು ವಂದನೆ ಸ್ವೀಕರಿಸಿದವರಿಗೆ ಇದು ಬೇಜಾರಿನ ಕೆಲಸ ಅನ್ನಿಸಬಹುದಿತ್ತು. ಆದರೆ ನಮ್ಮ ಯುದ್ಧನೌಕೆಗಳನ್ನು ನಾವೇ ಕಟ್ಟಬೇಕು ಅನ್ನುವ ದೊಡ್ಡ ಪ್ರಯತ್ನ ಗಟ್ಟಿಯಾದದ್ದು ಆ ವರ್ಷಗಳಲ್ಲೇ. ಅಲ್ಲಿ ಕಟ್ಟಿದ ಮೊದಲ ಫ್ರಿಗೇಟ್ ನೀಲಗಿರಿ 1968ರಲ್ಲಿ ನೀರಿಗಿಳಿದು, 1972ರ ಜೂನ್ 3ರಂದು ಸೇವೆಗೆ ಬಂತು. ಅಷ್ಟು ಹೊತ್ತಿಗೆ ನಂದಾ ನೌಕಾಪಡೆಯ ಮುಖ್ಯಸ್ಥರಾಗಿದ್ದರು. ಈಗ ಮೈಸೂರು ಅನ್ನುವ ಹೆಸರು ಹೊತ್ತಿರುವ ಎರಡನೇ ಹಡಗು, 1999ರಲ್ಲಿ ಸೇವೆಗೆ ಬಂದ ಡಿಸ್ಟ್ರಾಯರ್, ಅದೇ ಮಝಗಾಂವ್‌ನಲ್ಲಿ ಕಟ್ಟಿದ್ದು. ಮೊದಲನೆಯದು ಕೊಂಡು ತಂದದ್ದು, ಎರಡನೆಯದು ಮನೆಯಲ್ಲೇ ಮಾಡಿದ್ದು. ಲಾಂಛನದಲ್ಲಿ ಅದೇ ಗಂಡಭೇರುಂಡ.

ಇನ್ನು 1965. ಇದನ್ನು ಬಿಟ್ಟರೆ 1971 ಅರ್ಥವಾಗುವುದಿಲ್ಲ. ಆ ವರ್ಷದ ಸೆಪ್ಟೆಂಬರ್‌ನಲ್ಲಿ ಪಾಕಿಸ್ತಾನದ ಹಡಗುಗಳು ಒಂದು ರಾತ್ರಿ ದ್ವಾರಕೆಯ ಮೇಲೆ ಗುಂಡು ಹಾರಿಸಿ ಹೋದವು. ಹಾನಿ ದೊಡ್ಡದೇನಲ್ಲ, ಅವಮಾನ ದೊಡ್ಡದು. ಆಗ ನಮ್ಮ ನೌಕಾಪಡೆಗೆ ಸರ್ಕಾರದಿಂದ ಕಟ್ಟು ಹಾಕಲಾಗಿತ್ತು: ಒಂದು ಗೆರೆ ದಾಟಿ ಉತ್ತರಕ್ಕೆ ಹೋಗಬೇಡಿ, ಸಮುದ್ರದಲ್ಲಿ ನೀವಾಗಿ ಕೈಯೆತ್ತಬೇಡಿ. ಇಡೀ ಪಡೆಗೆ ಇದು ಗಂಟಲಲ್ಲಿ ಸಿಕ್ಕಿದ ಮುಳ್ಳಾಯಿತು. ‘ನೀವೇನು ಮಾಡುತ್ತಿದ್ದಿರಿ?’ ಎಂದು ಜನ ಕೇಳಿದರೆ ಹೇಳಲು ಉತ್ತರವಿರಲಿಲ್ಲ.

1970ರ ಫೆಬ್ರವರಿ ಕೊನೆಯಲ್ಲಿ ನಂದಾ ಮುಖ್ಯಸ್ಥರಾದರು. 1971ರಲ್ಲಿ ಯುದ್ಧದ ಮೋಡ ಕವಿಯುತ್ತಿದ್ದಾಗ ಅವರು ಮಾಡಿದ ಒಂದು ಕೆಲಸವನ್ನು ನಿಮ್ಮ ಪಾಠದ ನಡುಮಧ್ಯ ಇಡಿ ಎಂದು ಕೈಮುಗಿದು ಕೇಳುತ್ತೇನೆ. ಅದು ದಾಳಿಯಲ್ಲ. ಅದೊಂದು ಪ್ರಶ್ನೆ. ಪ್ರಧಾನಿ ಇಂದಿರಾ ಗಾಂಧಿಯವರನ್ನು ಕಂಡು, ನೌಕಾಪಡೆ ಕರಾಚಿಯ ಮೇಲೆ ದಾಳಿ ಮಾಡಿದರೆ ಸರ್ಕಾರಕ್ಕೆ ರಾಜಕೀಯವಾಗಿ ಏನಾದರೂ ತೊಂದರೆ ಇದೆಯೇ ಎಂದು ನೇರವಾಗಿ ಕೇಳಿದರು. ಈ ಪ್ರಶ್ನೆ ಯಾಕೆ ಎಂದು ಪ್ರಧಾನಿ ಕೇಳಿದಾಗ, ನಂದಾ 1965ರ ಕಟ್ಟುಗಳನ್ನು ನೆನಪಿಸಿದರು. ಪ್ರಧಾನಿ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ ಉತ್ತರವನ್ನು ನಂದಾ ಆಮೇಲೆ ತಾವೇ ಹೇಳಿಕೊಂಡಿದ್ದಾರೆ. ಅದರ ಸಾರ ಇಷ್ಟೇ: ಯುದ್ಧ ಅಂದ ಮೇಲೆ ಯುದ್ಧವೇ. ಅಷ್ಟರಲ್ಲಿ ಅವರಿಗೆ ಬೇಕಾದದ್ದು ಸಿಕ್ಕಿತ್ತು.

ಸುಮ್ನೆ ನೋಡಿದರೆ ಇದು ಎರಡು ನಿಮಿಷದ ಮಾತು. ಆದರೆ ಇದರಲ್ಲಿ ಪೌರನೀತಿಯ ಒಂದು ಅಧ್ಯಾಯವೇ ಇದೆ. ಸೇನೆಯ ಕೈಯಲ್ಲಿ ಆಯುಧವಿದೆ, ಆದರೆ ಅನುಮತಿ ಜನ ಆರಿಸಿದ ಸರ್ಕಾರದ ಕೈಯಲ್ಲಿದೆ. ಆ ಅನುಮತಿಯನ್ನು ಯುದ್ಧ ಶುರುವಾದ ಮೇಲೆ ಗಡಿಬಿಡಿಯಲ್ಲಿ ಕೇಳದೆ, ಮುಂಚೆಯೇ, ಮುಚ್ಚುಮರೆಯಿಲ್ಲದೆ ಕೇಳಿದ ಅಧಿಕಾರಿ ಇವರು. ಬೈಸಿಕೊಂಡು ಬರಬಹುದಿತ್ತು. ಬೇಡ ಅನ್ನಿಸಿಕೊಂಡು ಬರಬಹುದಿತ್ತು. ಬೇಡ ಅಂದಿದ್ದರೆ ಅದಕ್ಕೂ ತಲೆಬಾಗಬೇಕಿತ್ತು. ಸಂವಿಧಾನದ ಪಾಠದಲ್ಲಿ ಎಷ್ಟು ಕಷ್ಟಪಟ್ಟು ಹೇಳುತ್ತೀರೋ ಅದೇ ಇಲ್ಲಿ ಒಂದು ಕಥೆಯಾಗಿ ನಿಂತಿದೆ.

ಅನುಮತಿ ಸಿಕ್ಕಿತು, ಸರಿ. ಹೊಡೆಯುವುದು ಯಾವುದರಿಂದ? ಸೋವಿಯತ್ ಒಕ್ಕೂಟದಿಂದ ಎಂಟು ಕ್ಷಿಪಣಿ ದೋಣಿ ಬಂದಿದ್ದವು. ಒಂದೊಂದರಲ್ಲೂ ನಾಲ್ಕು ಕ್ಷಿಪಣಿ, ಸುಮಾರು 40 ಕಿ.ಮೀ. ದೂರಕ್ಕೆ ಹೊಡೆಯಬಲ್ಲವು. ಏಟು ಬಲವಾದದ್ದು, ಆದರೆ ದೋಣಿ ಪುಟ್ಟದು. ತಮ್ಮ ಬಂದರನ್ನು ಕಾಯಲು ಮಾಡಿದ್ದು, ದೂರ ಹೋಗಿ ಹೊಡೆಯಲು ಅಲ್ಲ. ಹೊಟ್ಟೆಯಲ್ಲಿ ಅಷ್ಟು ಎಣ್ಣೆ ಹಿಡಿಯುವುದಿಲ್ಲ. ಇದರ ಪರಿಹಾರ ಹೊಳೆದದ್ದು ಒಂದು ತಾಪತ್ರಯದಿಂದ. ದೋಣಿಗಳನ್ನು ದೊಡ್ಡ ಸರಕು ಹಡಗಿನಲ್ಲಿ ತಂದಾಗ, ಅಷ್ಟು ಭಾರ ಇಳಿಸುವ ಕ್ರೇನು ಮುಂಬಯಿಯಲ್ಲಿ ಇರಲಿಲ್ಲ. ಹಾಗಾಗಿ ಕಲ್ಕತ್ತೆಯಲ್ಲಿ ಇಳಿಸಿ, ಅಲ್ಲಿಂದ ಇಡೀ ಕರಾವಳಿ ಸುತ್ತಿಸಿ, ಬೇರೆ ಹಡಗುಗಳಿಗೆ ಕಟ್ಟಿ ಮುಂಬಯಿಗೆ ಎಳೆದು ತಂದರು. ಕಲ್ಕತ್ತೆಯಿಂದ ಮುಂಬಯಿವರೆಗೆ ಎಳೆಯಬಹುದಾದರೆ, ಮುಂಬಯಿಯಿಂದ ಶತ್ರುವಿನ ಬಾಗಿಲಿಗೆ ಯಾಕೆ ಎಳೆಯಬಾರದು? ಯೋಚನೆ ಬೆಳೆಯಿತು, ಅಭ್ಯಾಸವೂ ನಡೆಯಿತು. ಇದು ನಂದಾ ಒಬ್ಬರ ತಲೆಯಲ್ಲಿ ಹುಟ್ಟಿದ್ದಲ್ಲ, ಕೆಳಗಿನ ಅಧಿಕಾರಿಗಳು ಕೂಡಿ ತಿದ್ದಿದ್ದು. ಇಂಥದ್ದಾಗಲ್ಲ ಅಂದವರೂ ಇದ್ದರು. ಆಗುತ್ತೆ ಅಂದವರ ಬೆನ್ನಿಗೆ ನಿಂತದ್ದು ಮುಖ್ಯಸ್ಥರ ಪಾತ್ರ. ಪಾಠದಲ್ಲಿ ಇದನ್ನು ಹೀಗೇ ಬರೆಯಿರಿ. ಒಬ್ಬನೇ ಎಲ್ಲ ಮಾಡಿದ ಅಂತ ಬರೆದರೆ ಕೇಳಲು ಚೆನ್ನ, ಆದರೆ ಸುಳ್ಳು.

ಡಿಸೆಂಬರ್ 3ರ ಸಂಜೆ ಪಾಕಿಸ್ತಾನದ ವಿಮಾನಗಳು ನಮ್ಮ ವಾಯುನೆಲೆಗಳ ಮೇಲೆ ಬಿದ್ದವು. ಮರುದಿನ ನಿಪಾತ್, ನಿರ್ಘಾತ್, ವೀರ್ ಅನ್ನುವ ಮೂರು ಕ್ಷಿಪಣಿ ದೋಣಿ, ಕಾವಲಿಗೆ ಕಿಲ್ತಾನ್ ಮತ್ತು ಕಚ್ಛಾಲ್, ಎಣ್ಣೆ ತುಂಬಲು ಪೋಷಕ್ ಹೊರಟವು. ಹಗಲಲ್ಲಿ ಕರಾಚಿಯಿಂದ ಸುಮಾರು 460 ಕಿ.ಮೀ. ದಕ್ಷಿಣಕ್ಕೆ, ವಿಮಾನಗಳ ಕಣ್ಣಿಗೆ ಬೀಳದಷ್ಟು ದೂರ ಉಳಿದರು. ಕತ್ತಲಾದ ಮೇಲೆ ನುಗ್ಗಿದರು. ದೋಣಿಯವರು ವ್ಲಾಡಿವೊಸ್ಟಾಕ್‌ನ ಚಳಿಯಲ್ಲಿ ತರಬೇತಿ ಪಡೆದವರು, ರಷ್ಯನ್ ಕಲಿತವರು. ವೈರ್‌ಲೆಸ್ಸಿನಲ್ಲಿ ತಮ್ಮೊಳಗೆ ರಷ್ಯನ್ನಿನಲ್ಲೇ ಮಾತಾಡಿಕೊಂಡರು. ಕದ್ದು ಕೇಳುವವರಿಗೆ ತಬ್ಬಿಬ್ಬಾಗಲಿ ಅಂತ. ಮಕ್ಕಳಿಗೆ ಇದು ಬಹಳ ಹಿಡಿಸುತ್ತದೆ. ನಾನು ಹೇಳಿದಾಗ ಆ ಹಿಂದಿನ ಬೆಂಚೂ ಮುಂದಕ್ಕೆ ಬಾಗಿತ್ತು.

ಆ ರಾತ್ರಿ ಖೈಬರ್ ಅನ್ನುವ ಡಿಸ್ಟ್ರಾಯರ್, ಮುಹಾಫಿಜ್ ಅನ್ನುವ, ನೀರಿನಲ್ಲಿ ಹುದುಗಿಸಿಟ್ಟ ಸಿಡಿಮದ್ದು (ಮೈನ್) ತೆಗೆಯುವ ಹಡಗು, ವೀನಸ್ ಚಾಲೆಂಜರ್ ಅನ್ನುವ ಸರಕು ಹಡಗು ಮುಳುಗಿದವು. ಖೈಬರ್‌ನವರು ತಮ್ಮನ್ನು ಹೊಡೆದದ್ದು ವಿಮಾನ ಅಂದುಕೊಂಡೇ ಸಂದೇಶ ಕಳಿಸಿದರು. ನಮ್ಮ ಕಡೆ ಒಬ್ಬರಿಗೂ ಏನೂ ಆಗಲಿಲ್ಲ. ಡಿಸೆಂಬರ್ 8ರ ರಾತ್ರಿ ಮತ್ತೊಮ್ಮೆ. ಈ ಸಲ ವಿನಾಶ್ ಅನ್ನುವ ಒಂದೇ ದೋಣಿ, ಜತೆಗೆ ತಲ್ವಾರ್ ಮತ್ತು ತ್ರಿಶೂಲ್. ಕೇಮಾರಿಯ ಎಣ್ಣೆ ಟ್ಯಾಂಕುಗಳು ಹೊತ್ತಿಕೊಂಡವು. ಮನೋರಾದ ಎದುರಿಗೇ ಕೇಮಾರಿ. ಬಾಲ್ಯದಲ್ಲಿ ದಿನವೂ ಕಂಡ ದಂಡೆ.

ಬಹಳ ಬರಹಗಳು ಇಲ್ಲಿಗೆ ನಿಂತುಬಿಡುತ್ತವೆ. ಪಟಾಕಿ ಹಚ್ಚಿ ಮುಗಿಸುತ್ತವೆ. ನೀವು ಮರುದಿನದ ರಾತ್ರಿಯನ್ನೂ ಬರೆಯಿರಿ. ಡಿಸೆಂಬರ್ 9ರಂದು ದೀವ್ ಹತ್ತಿರ ಪಾಕಿಸ್ತಾನದ ಸಬ್‌ಮರೀನ್ ಹ್ಯಾಂಗೋರ್ ನಮ್ಮ ಖುಕ್ರಿ ಹಡಗನ್ನು ಮುಳುಗಿಸಿತು. ಅದೇ ಸಬ್‌ಮರೀನನ್ನು ಹುಡುಕಲು ಹೊರಟಿದ್ದ ಹಡಗು ಅದು. 18 ಅಧಿಕಾರಿಗಳು, 176 ನಾವಿಕರು ಹೋದರು. ಕ್ಯಾಪ್ಟನ್ ಮಹೇಂದ್ರನಾಥ ಮುಲ್ಲಾ ತಮ್ಮ ಲೈಫ್ ಜಾಕೆಟ್ ಇನ್ನೊಬ್ಬರಿಗೆ ಕೊಟ್ಟು ಹಡಗಿನ ಜತೆಯೇ ಮುಳುಗಿದರು. ಕರಾಚಿಗೆ ಕಳಿಸಿದ್ದೂ ನಂದಾ ನಡೆಸುತ್ತಿದ್ದ ಪಡೆಯೇ, ಖುಕ್ರಿಯನ್ನು ಕಳಿಸಿದ್ದೂ ಅದೇ ಪಡೆಯೇ. ಮುಖ್ಯಸ್ಥನ ಲೆಕ್ಕದ ಪುಸ್ತಕದಲ್ಲಿ ಎರಡೂ ಪುಟ ಇರುತ್ತವೆ. ಖೈಬರ್‌ನಲ್ಲಿ ಸತ್ತವರೂ ಯಾರದೋ ಮನೆಯ ಮಕ್ಕಳು ಅನ್ನುವ ಒಂದು ಸಾಲು ಸೇರಿಸಿದರೆ ನಮ್ಮ ಗೆಲುವೇನೂ ಸಣ್ಣದಾಗುವುದಿಲ್ಲ. ಸಿನಿಮಾ ಮಾಡಬೇಡಿ ಎಂದು ಮೊದಲೇ ಹೇಳಿದ್ದು ಇದಕ್ಕೇ.

ಪೂರ್ವದ ಕಡೆಯದನ್ನು ನಾಲ್ಕು ಸಾಲಲ್ಲಿ ಮುಗಿಸಬಹುದು. ನಮ್ಮ ವಿಮಾನವಾಹಕ ಹಡಗು ವಿಕ್ರಾಂತ್‌ನ ಒಂದು ಬಾಯ್ಲರ್ ಬಿರುಕುಬಿಟ್ಟಿತ್ತು, ಪೂರ್ತಿ ವೇಗ ಬರುತ್ತಿರಲಿಲ್ಲ. ಆದರೂ ಅದನ್ನು ದಂಡೆಗೆ ಕಟ್ಟಿ ಹಾಕದೆ ಬಂಗಾಳ ಕೊಲ್ಲಿಗೆ ಕಳಿಸಿದರು. ಅದರ ವಿಮಾನಗಳು ಚಿತ್ತಗಾಂಗ್, ಕಾಕ್ಸ್ ಬಜಾರ್‌ಗಳ ಮೇಲೆ ಎರಗಿ ಸಮುದ್ರದ ದಾರಿ ಮುಚ್ಚಿದವು. ಅಲ್ಲಿ ಹೊಣೆ ಹೊತ್ತವರು ವೈಸ್ ಅಡ್ಮಿರಲ್ ಕೃಷ್ಣನ್. ಅವರಿಗೆ ಬೇರೆಯದೇ ಪಾಠ ಬೇಕು, ಇಲ್ಲಿ ತುರುಕಬೇಡಿ.

ಈಗ ನೀವು ಕೇಳುವ ಪ್ರಶ್ನೆ ನನಗೆ ಗೊತ್ತು. ನಂದಾ ಕನ್ನಡಿಗರಲ್ಲ, ನಮ್ಮ ರಾಜ್ಯದ ಪುಸ್ತಕದಲ್ಲಿ ಯಾಕೆ? ಐಹೊಳೆ ಶಾಸನವನ್ನು ನೀವು ಕಲಿಸುತ್ತೀರಿ. 634ರಲ್ಲಿ ರವಿಕೀರ್ತಿ ಬರೆದದ್ದು. ಅದರಲ್ಲಿ ಪುಲಕೇಶಿ ನೂರಾರು ಹಡಗು ಕಟ್ಟಿಕೊಂಡು ಪಶ್ಚಿಮ ಸಮುದ್ರದ ಲಕ್ಷ್ಮಿಯಂತಿದ್ದ ಪುರಿಯನ್ನು ಮುತ್ತಿದ ಮಾತಿದೆ. ನಾವು ಓದುವಾಗ ಮೇಷ್ಟ್ರು ಹರ್ಷವರ್ಧನನನ್ನು ಸೋಲಿಸಿದ ಸಾಲನ್ನು ಬಾಯಿಪಾಠ ಮಾಡಿಸಿದರು. ಹಡಗಿನ ಸಾಲಿಗೆ ಬಂದಾಗ ಮುಂದಕ್ಕೆ ಹೋದರು. ಉಳ್ಳಾಲದ ಅಬ್ಬಕ್ಕ ಬಿಟ್ಟರೆ ನಮ್ಮ ಇತಿಹಾಸ ಪೂರ್ತಿ ಕೋಟೆ, ಕುದುರೆ, ಆನೆ. 300 ಕಿ.ಮೀ.ಗೂ ಉದ್ದದ ಕರಾವಳಿ ಇಟ್ಟುಕೊಂಡು ಸಮುದ್ರಕ್ಕೆ ಬೆನ್ನು ಹಾಕಿ ಕೂತಿದ್ದೇವೆ.

ನಮ್ಮ ಹೆಸರಿನ ಹಡಗು ನಮ್ಮ ದಂಡೆಯಲ್ಲೇ ಕಾದಾಡಿದ್ದೂ ಉಂಟು. 1961ರ ಡಿಸೆಂಬರ್‌ನಲ್ಲಿ ಗೋವಾ ವಿಮೋಚನೆಯಾದಾಗ, ಕಾರವಾರದ ಎದುರಿಗಿರುವ ಅಂಜದೀವ್ ದ್ವೀಪವನ್ನು ಪೋರ್ಚುಗೀಸರಿಂದ ಬಿಡಿಸಿದ್ದು ಮೈಸೂರು ಮತ್ತು ತ್ರಿಶೂಲ್ ಹಡಗುಗಳ ನಾವಿಕರು. ಏಳು ನಾವಿಕರು ಅಲ್ಲಿ ಸತ್ತರು. ಆಗ ನಂದಾ ಆ ಹಡಗಿನಲ್ಲಿ ಇರಲಿಲ್ಲ, ಆದರೆ ಅವರು ಮೊದಲು ನಡೆಸಿದ ಹಡಗು ಅದೇ. 1971ರ ಯುದ್ಧದಲ್ಲೂ ಪಶ್ಚಿಮ ನೌಕಾದಳದ ಮುಂದಾಳು ಹಡಗು ಮೈಸೂರೇ. ನಮ್ಮ ರಾಜ್ಯ 1973ರಲ್ಲಿ ಕರ್ನಾಟಕ ಎಂದು ಹೆಸರು ಬದಲಿಸಿತು. ಹಡಗು ಬದಲಿಸಲಿಲ್ಲ. 1985ರಲ್ಲಿ ಕೆಲಸ ಬಿಡುವವರೆಗೂ ಅದು ಮೈಸೂರೇ ಆಗಿತ್ತು.

ಕಾರವಾರಕ್ಕೆ ಶಾಲಾ ಪ್ರವಾಸ ಹೋಗುವವರು ಕಡಲ ದಂಡೆಯಲ್ಲಿ ನಿಲ್ಲಿಸಿರುವ ಚಪಲ್ ಅನ್ನುವ ಕ್ಷಿಪಣಿ ದೋಣಿ ಹತ್ತಿ ಇಳಿದು ಫೋಟೊ ತೆಗೆಸಿಕೊಳ್ಳುತ್ತಾರೆ. ಅದು ಕರಾಚಿಗೆ ಹೋದ ದೋಣಿಯಲ್ಲ, ಅವುಗಳ ನಂತರ, 1976ರಲ್ಲಿ ಬಂದದ್ದು. ಆದರೆ ಜಾತಿ ಅದೇ. ಒಳಗೆ ಎಷ್ಟು ಇಕ್ಕಟ್ಟು ಎಂದು ಅಲ್ಲಿ ನಿಂತರೆ ಗೊತ್ತಾಗುತ್ತದೆ. ಪಾಠ ಓದಿ ಹೋದ ಮಗುವಿಗೆ ಅದು ಬರೀ ಫೋಟೊ ಜಾಗವಾಗಿ ಉಳಿಯುವುದಿಲ್ಲ.

ಉದ್ದ ಬೇಡ, ಎರಡೂವರೆ ಪುಟ ಸಾಕು. ಪದಕಗಳ ಪಟ್ಟಿ ಹಾಕಬೇಡಿ. 1972ರಲ್ಲಿ ಪದ್ಮವಿಭೂಷಣ ಬಂತು, 1973ರಲ್ಲಿ ನಿವೃತ್ತರಾದರು, 2009ರ ಮೇ 11ರಂದು 93ನೇ ವಯಸ್ಸಿನಲ್ಲಿ ತೀರಿಕೊಂಡರು ಎಂದರೆ ಮುಗಿಯಿತು. ಪಾಠದ ಕೊನೆಗೆ ‘ಬಿಟ್ಟ ಸ್ಥಳ ತುಂಬಿ’ ಕೊಟ್ಟು ಇಸವಿ ಕೇಳಬೇಡಿ, ದಯವಿಟ್ಟು. ‘ಕರಾಚಿಯ ಬಗ್ಗೆ ನಂದಾ ಪ್ರಧಾನಿಯವರನ್ನು ಮುಂಚೆಯೇ ಯಾಕೆ ಕೇಳಿದರು?’ ಎಂದು ಕೇಳಿ. ಎರಡು ಅಂಕಕ್ಕಲ್ಲ, ಐದು ಅಂಕಕ್ಕೆ.

ಚಿತ್ರಕ್ಕೆ ಒಂದೇ ಜಾಗ ಇದ್ದರೆ ಅಡ್ಮಿರಲ್ ಅವರ ಫೋಟೊ ಬೇಡ, ಹಡಗಿನ ಲಾಂಛನ ಹಾಕಿ. ಹಿಂದಿನ ಬೆಂಚಿನ ಆ ಹುಡುಗನಿಗೆ ನಾನು ಇನ್ನೂ ಉತ್ತರ ಕೊಟ್ಟಿಲ್ಲ.

ಇಂತಿ ನಮಸ್ಕಾರಗಳು,
ನಿಮ್ಮ ಪುಸ್ತಕಗಳ ಒಬ್ಬ ಹಳೆಯ ಓದುಗ